ಹಗಲಿನ ಅರುಂಧತಿ

ತಲೆಯ ಮೇಲೊಂದು, ಬಗಲಲ್ಲೊಂದು ಕೊಡ ಹೊತ್ತು ಸಾತವ್ವ ಬಾವಿಯಿಂದ ಬಂದಳು. ಹೊಸ್ತಿಲು ದಾಟುವಾಗ ಒಂದು ಹನಿ ತುಳುಕಲಿಲ್ಲ, ಉಸಿರೂ ಏರಿರಲಿಲ್ಲ. ಪಡಸಾಲೆಯ ಕಂಬಕ್ಕೆ ಕನ್ನಡಿ ಒರಗಿಸಿಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದ ಹಾಲಸಿದ್ದಪ್ಪನಿಗೆ ಅದು ಸರಿಬರಲಿಲ್ಲ. ಮದುವೆಯಾಗಿ ಆರು ತಿಂಗಳು ಮೊನ್ನೆಯೇ ಮುಗಿದಿತ್ತು, ಕಾರ್ತಿಕದ ಚಳಿ ಬಿದ್ದಿತ್ತು, ಹೆಂಡತಿ ಒಂದು ಸಲವಾದರೂ ಕೆಮ್ಮಿರಲಿಲ್ಲ. ಲಗ್ನದಲ್ಲಿ ಸಡಿಲವಾಗಿದ್ದ ಬಳೆಗಳು ಈಗ ಮುಂಗೈಗೆ ಬಿಗಿಯಾಗಿ ಕೂತಿದ್ದವು. ಅವನು ಇದನ್ನೆಲ್ಲ ದಿನವೂ ನೋಡುತ್ತಿದ್ದ. ಗಂಡ ಹೆಂಡತಿಯನ್ನು ನೋಡುವ ರೀತಿಯಲ್ಲಲ್ಲ, ಸಂತೆಯಲ್ಲಿ ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುವವನ ರೀತಿಯಲ್ಲಿ. ಇವಳು ಸಾಯುವವಳಲ್ಲ ಎಂಬ ತೀರ್ಮಾನಕ್ಕೆ ಬಂದಾಗಲೆಲ್ಲ ಅವನು ತನ್ನ ನಾಡಿಯನ್ನೇ ಹಿಡಿದು ನೋಡಿಕೊಳ್ಳುತ್ತಿದ್ದ. ಅಂದು ರವಿವಾರ, ಮಾಸ್ತರನಾದ ಅವನಿಗೆ ಶಾಲೆ ಇರಲಿಲ್ಲ. ಮಾವ ಹೊಳೆಪ್ಪ ಸಾವಳಗಿಯ ಕಡೆಯಿಂದ ಮುಂಜಾನೆಯ ಮೋಟಾರಿಗೆ ಬರುವವನಿದ್ದ. ಮಗಳನ್ನು ಕರೆದುಕೊಂಡು ಹೋಗು ಎಂದು ಹಾಲಸಿದ್ದಪ್ಪನ ಅಪ್ಪನೇ ಹೇಳಿ ಕಳಿಸಿದ್ದ. ಹಬ್ಬಕ್ಕಲ್ಲ, ಹರಿದಿನಕ್ಕಲ್ಲ, ಪೂರಾ ಎಂಬುದನ್ನು ಮಾತ್ರ ಬೀಗರಿಗೆ ತಿಳಿಸಿರಲಿಲ್ಲ. ಇದನ್ನು ಸಾತವ್ವನಿಗೆ ತಿಳಿಸುವ ಕೆಲಸ ಹಾಲಸಿದ್ದಪ್ಪನ ಪಾಲಿಗೆ ಬಂದಿತ್ತು. ಅವನು ತಿಳಿಸಿರಲಿಲ್ಲ.

ಎಲ್ಲಕ್ಕೂ ಮೂಲ ಅಪ್ಪನ ಹುಚ್ಚು. ಗಿರಮಲ್ಲಪ್ಪ ಸಂಸ್ಥಾನದ ಕಾಲದಲ್ಲಿ ಜಮಖಂಡಿಯ ರಾಜರ ವಾಡೆಯ ಬಾಗಿಲಲ್ಲಿ ಹವಾಲ್ದಾರನಾಗಿದ್ದವನು. ಸಂಸ್ಥಾನ ಮುಂಬೈ ರಾಜ್ಯದಲ್ಲಿ ಕರಗಿ ನಾಲ್ಕಾರು ವರ್ಷವಾಗಿತ್ತು, ಅವನ ಮೀಸೆ ಮಾತ್ರ ಕರಗಿರಲಿಲ್ಲ. ಬೀರೇಶ್ವರನ ಒಕ್ಕಲಿನ ಮನೆ ಅದು. ಅವರಲ್ಲಿ ಲಗ್ನ ಮಾಡಿಸುವವರು ಅವರ ಕುಲಗುರುಗಳಾದ ಒಡೆಯರೇ. ಹಣೆಗೆ ಅರಿಸಿನದ ಭಂಡಾರ ಹಚ್ಚಿ ಅಕ್ಕಿಕಾಳು ಹಾಕಿದರೆ ಮುಗಿಯಿತು. ಆದರೆ ವಾಡೆಯ ಲಗ್ನಗಳನ್ನು ಬಾಗಿಲ ಸಂದಿಯಿಂದ ನೋಡಿ ಬೆಳೆದ ಹವಾಲ್ದಾರನಿಗೆ ತನ್ನ ಮಕ್ಕಳಿಗೂ ಭಟ್ಟರೇ ಬೇಕು, ಅರುಂಧತಿಯನ್ನು ತೋರಿಸಲೇಬೇಕು. ಮಗಳ ಲಗ್ನದಲ್ಲಿ ಹಾಗೇ ಮಾಡಿದ್ದ, ಮಗನದರಲ್ಲೂ ಮಾಡಿದ. ವೈಶಾಖದ ನಡುಹಗಲು. ಭಟ್ಟರು ಮದುಮಕ್ಕಳನ್ನು ಮಾಂಡವದ ಹೊರಗೆ ಕರೆದು, ಬಡಗಕ್ಕೆ ನಿಲ್ಲಿಸಿ, ಬೇವಿನ ಗಿಡದ ಮೇಲೆ ಬೆರಳು ತೋರಿಸಿದರು. ಏಳು ಮಂದಿ ಋಷಿಗಳ ಹೆಂಡಿರಲ್ಲಿ ಮಹಾಪತಿವ್ರತೆ, ಗಂಡ ವಸಿಷ್ಠನ ಮಗ್ಗುಲು ಬಿಟ್ಟು ಕದಲದವಳು, ಕಾಣುತ್ತಾಳೋ ಎಂದು ಕೇಳಿದರು. ಹಾಲಸಿದ್ದಪ್ಪನಿಗೆ ಕಂಡದ್ದು ಬೆಳ್ಳಗಿನ ಬೆಂಕಿಯಂಥ ಆಕಾಶ, ಅದರಲ್ಲಿ ಒಂದು ಹದ್ದು. ಕಾಣುತ್ತಾಳೆ ಎಂದ. ಎಲ್ಲರೂ ಅನ್ನುವ ಮಾತು, ಅವನೂ ಅಂದ. ಆಮೇಲೆ ಸಾತವ್ವನ ಸರದಿ. ಅವಳ ಕುಲದಲ್ಲಿ ಯಾರೂ ಈ ಶಾಸ್ತ್ರ ಮಾಡಿದವರಲ್ಲ, ಇದಕ್ಕೆ ಇಂಥದೇ ಉತ್ತರ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೇಳಿದ್ದಾರೆ ಎಂದಮೇಲೆ ನೋಡಬೇಕು ಎಂದುಕೊಂಡು ಬಾಸಿಂಗ ಸರಿಸಿ, ಹುಬ್ಬಿಗೆ ಅಂಗೈ ಅಡ್ಡ ಹಿಡಿದು, ಕುರಿ ಕಳೆದವರು ಗುಡ್ಡ ನೋಡುವಂತೆ ಆಚೆ ಈಚೆ ನೋಡಿದಳು. ನೋಡಿ, ಹೇಳಿದಳು.

“ಇಲ್ರಿ, ಕಾಣವಲ್ದು. ಹೊತ್ತು ನೆತ್ತಿ ಮ್ಯಾಲೈತಿ, ಚಿಕ್ಕಿ ಎಲ್ಲಿ ಕಾಣಬೇಕ್ರಿ?”

ಹುಡುಗರು ನಕ್ಕರು. ಭಟ್ಟರೂ ನಕ್ಕರು. ಆ ನಗು ಅಲ್ಲಿಗೇ ನಿಂತಿದ್ದರೆ ಆಗುತ್ತಿತ್ತು. ಆದರೆ ಅಪ್ಪನ ತಂಗಿ ಯಲ್ಲಕ್ಕ, ಎಲ್ಲಿ ಹೋದರೂ ಒಂದು ಕಡ್ಡಿ ಗೀರದೆ ಬರುವವಳಲ್ಲ, ಅರುಂಧತಿ ಕಾಣದವರು ಆರು ತಿಂಗಳಲ್ಲಿ ಹೋಗುತ್ತಾರಂತೆ ಎಂದುಬಿಟ್ಟಳು. ಹೌದೇ ಎಂದು ಹತ್ತು ಮುಖಗಳು ಭಟ್ಟರ ಕಡೆ ತಿರುಗಿದವು. ಅವರು ಹಾಗೂ ಒಂದು ಮಾತುಂಟು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು, ದಕ್ಷಿಣೆ ಮಡಿಲಿಗೆ ಹಾಕಿಕೊಂಡು ಊಟಕ್ಕೆ ನಡೆದರು. ಅಂದಿನಿಂದ ಮನೆಯಲ್ಲಿ ಸಾತವ್ವನಿಗೆ ಸೊಸೆಯ ಸ್ಥಾನವಿರಲಿಲ್ಲ, ಹೋಗಲಿರುವವಳ ಸ್ಥಾನವಿತ್ತು. ಓಣಿಯ ಮುದುಕಿಯರು ಬಂದು ಅವಳ ಗಲ್ಲ ಸವರಿ, ಉಣ್ಣವ್ವ, ಇದ್ದಷ್ಟು ದಿನ ಉಣ್ಣು ಎಂದು ಹೋದರು. ಅತ್ತೆ ಪದ್ಮವ್ವ ಅವಳಿಗೆ ಇಳಕಲ್ಲ ಸೀರೆ ತೆಗೆಯಲಿಲ್ಲ. ನಾಲ್ಕು ತಿಂಗಳ ಮಾತಿಗೆ ಹತ್ತಿಯದೇ ಸಾಕು ಎಂದು, ಅವಳಿಗೆ ಕೇಳುವ ಹಾಗೆಯೇ, ಅಂಗಡಿಯವನಿಗೆ ಹೇಳಿದಳು. ಪಂಚಮಿಗೆ ತವರಿಗೆ ಕಳಿಸಿ, ಒಂದು ತಿಂಗಳು ಇದ್ದು ಬಾ ಎಂದಾಗ ಸಾತವ್ವ ಅತ್ತೆಯ ಕಾಲಿಗೆ ಬಿದ್ದು ಹಿಗ್ಗಿನಿಂದ ಹೋದಳು. ಸಾಯುವುದಿದ್ದರೆ ಅಲ್ಲೇ ಸಾಯಲಿ ಎಂಬುದು ಅವ್ವನ ಒಳಗಿನ ಲೆಕ್ಕವೆಂದು ಹಾಲಸಿದ್ದಪ್ಪನಿಗೆ ಅನ್ನಿಸಿತು. ಅವಳು ಜೋಕಾಲಿ ಆಡಿ, ತವರಿನ ಹಾಲು ಬೆಣ್ಣೆ ತಿಂದು, ಮೈ ತುಂಬಿಕೊಂಡು ತಿರುಗಿ ಬಂದಳು. ಬಾಗಿಲಲ್ಲಿ ನಿಂತ ಅವಳನ್ನು ಕಂಡು ಪದ್ಮವ್ವನ ಮುಖ ಬಿದ್ದುಹೋದದ್ದನ್ನು ಹಾಲಸಿದ್ದಪ್ಪ ನೋಡಿದ. ತನ್ನ ಮುಖ ಹೇಗಿತ್ತೆಂದು ನೋಡಿಕೊಳ್ಳಲು ಅವನ ಎದುರು ಆಗ ಕನ್ನಡಿ ಇರಲಿಲ್ಲ.

ಗಡ್ಡದ ಸಾಬೂನು ಒಣಗುತ್ತಿತ್ತು. ಸಾತವ್ವ ನೀರನ್ನು ಹಂಡೆಗೆ ಸುರಿಯುವ ಸದ್ದು ಹಿತ್ತಲಿನಿಂದ ಬಂತು. ಅವಳಿಗೆ ಕಾಣಲಿಲ್ಲವಾದ್ದರಿಂದ ಅವಳು ಸಾಯಬೇಕು, ಒಳ್ಳೆಯದು. ಆದರೆ ತನಗೂ ಕಂಡಿರಲಿಲ್ಲ. ಇದನ್ನು ಅವನು ಈ ಆರು ತಿಂಗಳಲ್ಲಿ ಯಾರಿಗೂ ಹೇಳಿರಲಿಲ್ಲ. ಆ ಮಾತಿನಲ್ಲಿ ಹೆಣ್ಣಿಗೆ ಇಷ್ಟು, ಗಂಡಿಗೆ ಇಷ್ಟು ಎಂಬ ಭೇದವಿಲ್ಲ, ಕಾಣದವರು ಎಂದರೆ ಕಾಣದವರು. ನಾಲ್ಕನೆಯ ಇಯತ್ತೆಯ ಹುಡುಗರಿಗೆ ಅವನೇ ಕಲಿಸುತ್ತಿದ್ದ, ಹಗಲಿನಲ್ಲೂ ನಕ್ಷತ್ರಗಳು ಇದ್ದಲ್ಲೇ ಇರುತ್ತವೆ, ಸೂರ್ಯನ ಬೆಳಕಿಗೆ ಕಾಣುವುದಿಲ್ಲ ಎಂದು. ಕರಿಹಲಗೆಯ ಮೇಲೆ ಬರೆದು ತಿದ್ದಿಸಿಯೂ ಇದ್ದ. ಅದು ಶಾಲೆಯ ವಿದ್ಯೆ, ಶಾಲೆಯ ಗಂಟೆ ಹೊಡೆದ ಮೇಲೆ ಅದು ಅವನ ಹಿಂದೆ ಮನೆಯವರೆಗೆ ಬರುತ್ತಿರಲಿಲ್ಲ. ಮನೆಯಲ್ಲಿ, ಕತ್ತಲಲ್ಲಿ, ಅವನಿಗೆ ಅನ್ನಿಸುತ್ತಿದ್ದದ್ದು ಇಷ್ಟೆ: ಅಂದು ಮಾಂಡವದ ಹೊರಗೆ ಒಂದು ಸಾವು ಬಂದು ನಿಂತಿತ್ತು, ಅದಕ್ಕೆ ಒಬ್ಬರು ಬೇಕಾಗಿತ್ತು, ಇಬ್ಬರು ಬೇಡವಾಗಿತ್ತು. ಕಂಡಿಲ್ಲವೆಂದು ಬಾಯಿಬಿಟ್ಟು ಹೇಳಿದವಳನ್ನು ಅದು ಮೊದಲು ಹಿಡಿಯಬೇಕಲ್ಲವೆ? ಹಿಡಿದರೆ ತನ್ನದು ತೀರಿತು. ಹಿಡಿಯದಿದ್ದರೆ ಅದು ಮನೆಯೊಳಗೇ ತಿರುಗುತ್ತ ಇನ್ನೊಬ್ಬನನ್ನು ಹುಡುಕುತ್ತದೆ. ಹೆಂಡತಿ ಸಾಯಲಿ ಎಂದು ಬಯಸುತ್ತಿದ್ದೇನೆ ಎಂದು ಅವನು ಒಂದು ದಿನವೂ ತನಗೆ ತಾನೇ ಹೇಳಿಕೊಳ್ಳಲಿಲ್ಲ. ಅವಳು ಕೆಮ್ಮಲಿ ಎಂದಷ್ಟೇ ಬಯಸಿದ. ನನಗೂ ಕಂಡಿರಲಿಲ್ಲ ಎಂದು ಅಪ್ಪನೆದುರು ಒಂದು ಮಾತು ಅಂದರೆ ಅವಳ ಬಾಳು ಉಳಿಯುತ್ತಿತ್ತು, ಆದರೆ ಹಾಗೆ ಅನ್ನುವುದೆಂದರೆ ತನ್ನ ಹೆಸರು ಹಿಡಿದು ಯಮನನ್ನು ತಾನೇ ಕರೆದ ಹಾಗೆ.

ಲಗ್ನದ ತಿಂಗಳಲ್ಲೇ ಇನ್ನೊಂದು ಸಂಗತಿ ಆಗಿತ್ತು. ಸೆಕೆಗೆ ಮಾಳಿಗೆಯ ಮೇಲೆ ಹಾಸಿಗೆ ಹಾಕುತ್ತಿದ್ದರು. ಮುಚ್ಚಂಜೆ ಕಳೆದು ಬಡಗ ದಿಕ್ಕಿನಲ್ಲಿ ಸಪ್ತರ್ಷಿಗಳು ಎತ್ತರಕ್ಕೆ ಬಂದಿದ್ದರು. ಇವಳಿಗೆ ಸ್ವಲ್ಪ ಬುದ್ಧಿ ಕಲಿಸಬೇಕೆಂದು ಅವನು ಪುರಾಣ ತೆಗೆದ: ಇವರು ಮರೀಚಿ, ಅತ್ರಿ, ಅಂಗಿರಸ್ಸು, ಹೀಗೆ ಏಳು ಜನ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಅವರ ಹಟ್ಟಿಯಲ್ಲಿ ಅದಕ್ಕೆ ಮುದುಕಿಯ ಹೊರಸು, ಮಲಗುವ ಮಂಚ, ಅನ್ನುತ್ತಾರಂತೆ. ನಾಲ್ಕು ಚಿಕ್ಕಿ ಹೊರಸಿನ ಕಾಲು, ಹಿಂದಿನ ಮೂವರು ಕಳ್ಳರು. ಮುದುಕಿ ಮಲಗಿದ್ದಾಗಲೇ ಅವಳ ಸಮೇತ ಹೊರಸು ಕದ್ದು ಹೊರಟಿದ್ದಾರೆ, ಬೆಳತನಕ ನಡೆದರೂ ಅವರ ಊರು ಬರುವುದಿಲ್ಲ. ನಡುವಿನ ಕಳ್ಳನಿಗೆ ಹೆಂಡತಿ ಸತ್ತಿದ್ದಾಳೆ, ಮನೆಯಲ್ಲಿ ಬಿಡಲು ದಿಕ್ಕಿಲ್ಲದೆ ಕೂಸನ್ನು ಬಗಲಲ್ಲಿ ಎತ್ತಿಕೊಂಡೇ ಕಳವಿಗೆ ಬಂದಿದ್ದಾನೆ. ಅಗೋ, ಅವನ ಬಗಲಲ್ಲಿ ಕೂಸು ಎಂದು ಅವಳು ಬೆರಳು ತೋರಿಸಿದಳು. ನಡುವಿನವನು ಎಂದರೆ ವಸಿಷ್ಠ. ಅವನ ಬಗಲಿನದು ಎಂದರೆ ಅರುಂಧತಿ. ಹಾಲಸಿದ್ದಪ್ಪ ಕಣ್ಣು ಕಿರಿದು ಮಾಡಿ ನೋಡಿದ, ಅಗಲಿಸಿ ನೋಡಿದ. ಅವನಿಗೆ ಮೂವರು ಕಳ್ಳರೇ ನೆಟ್ಟಗೆ ಕಾಣಲಿಲ್ಲ, ಕತ್ತಲೆಗೆ ಸುಣ್ಣ ಚಿಮುಕಿಸಿದ ಹಾಗಿತ್ತು. ಕಂಡಿತೇನ್ರಿ ಎಂದು ಅವಳು ಕೇಳಿದಳು. ಕಂಡಿತು ಎಂದ. ಎರಡನೆಯ ಸಲ ಹೇಳುವಾಗ ಸುಳ್ಳು ಇನ್ನೂ ಸರಾಗವಾಗಿ ಬಂತು. ಅಂದು ಅವನಿಗೆ ನಿದ್ದೆ ಹತ್ತಲಿಲ್ಲ. ಇವಳಿಗೆ ಕಾಣುತ್ತದೆ. ಹಗಲು ಯಾರಿಗೂ ಕಾಣದ್ದು ಲೆಕ್ಕಕ್ಕಿಲ್ಲ, ಇರುಳಿನಲ್ಲಿ ಕಾಣದವನೇ ನಿಜವಾಗಿ ಕಾಣದವನು. ಪಕ್ಕದಲ್ಲಿ ಅವಳು ಗಾಢವಾಗಿ ಉಸಿರಾಡುತ್ತ ಮಲಗಿದ್ದಳು. ಆ ಉಸಿರಿನ ಮೇಲೆ ಅವನಿಗೆ ಅಂದಿನಿಂದ ಹಗೆ ಹುಟ್ಟಿತು.

ಮಳೆಗಾಲದಲ್ಲಿ ಜ್ವರ ಬಂದದ್ದು ಅವನಿಗೆ. ಮೈ ಕಾದು ಕೆಂಡವಾದಾಗ, ಬಂತು, ತಪ್ಪು ಬಾಗಿಲಿಗೇ ಬಂತು ಎಂದುಕೊಂಡ. ಜ್ವರದ ಮಂಪರಿನಲ್ಲಿ ಚಂದ್ರನ ಕತೆ ತಲೆಯೊಳಗೆ ಸುತ್ತುತ್ತಿತ್ತು. ಇಪ್ಪತ್ತೇಳು ನಕ್ಷತ್ರಗಳೂ ಅಕ್ಕತಂಗಿಯರು, ಎಲ್ಲರನ್ನೂ ಕಟ್ಟಿಕೊಂಡು ಚಂದ್ರ ರೋಹಿಣಿಯೊಬ್ಬಳ ಮನೆಗೇ ಹೋಗುತ್ತಿದ್ದ. ಉಳಿದವರು ಅಪ್ಪನಿಗೆ ಹೇಳಿದರು, ದಕ್ಷ ಶಾಪ ಕೊಟ್ಟ, ಚಂದ್ರನಿಗೆ ಕ್ಷಯ ಹತ್ತಿತು. ತನಗೆ ಯಾರು ಶಾಪ ಕೊಟ್ಟರು? ತಾನು ಯಾರ ಮನೆಗೂ ಹೋದವನಲ್ಲ. ಉಗುಳಿದ್ದನ್ನೆಲ್ಲ ಬಾಗಿ ನೋಡುತ್ತಿದ್ದ, ಕೆಂಪಿದೆಯೇ ಎಂದು. ಸಾತವ್ವ ಅವನ ಹಣೆಗೆ ಬೀರಪ್ಪನ ಭಂಡಾರ ಹಚ್ಚಿದಳು, ಗಂಜಿ ಕುಡಿಸಿದಳು, ವಾಂತಿ ಬಳಿದಳು. ಅವಳ ಕೈ ಹಣೆಯ ಮೇಲಿದ್ದಾಗ ಹಾಯೆನಿಸುತ್ತಿತ್ತು, ಅದಕ್ಕಾಗಿಯೇ ಸಿಟ್ಟೂ ಬರುತ್ತಿತ್ತು. ಇಷ್ಟು ಹತ್ತಿರ ಕೂತರೂ ಈ ಜ್ವರ ಇವಳಿಗೆ ಅಂಟುವುದಿಲ್ಲವಲ್ಲ ಎಂದು ಗಂಜಿ ನುಂಗುತ್ತ ಯೋಚಿಸಿದ. ಅಂಟಲಿಲ್ಲ. ಅವನಿಗೂ ಇಳಿಯಿತು. ಆರು ತಿಂಗಳೂ ಕಳೆದವು. ಆದರೂ ಅವನಿಗೆ ಧೈರ್ಯ ಸಾಲದು. ಯಮನ ಪಂಚಾಂಗ ನಮ್ಮದರ ಹಾಗೆಯೇ ಇರುತ್ತದೆಂದು ಹೇಳಿದವರು ಯಾರು?

ನಿನ್ನೆ ದೀಪ ಹಚ್ಚುವ ಹೊತ್ತಿಗೆ, ಹೇಳಿಬಿಡಬೇಕು ಎಂದುಕೊಂಡೇ ಅವನು ಮಾಳಿಗೆ ಹತ್ತಿದ್ದ. ಸಾತವ್ವ ಒಣಹಾಕಿದ ಮೆಣಸಿನಕಾಯಿ ಎತ್ತುತ್ತಿದ್ದಳು. ಬಡಗದಲ್ಲಿ ಸಪ್ತರ್ಷಿಗಳು ಇರಲಿಲ್ಲ, ಈ ದಿನಗಳಲ್ಲಿ ಸಂಜೆಗೆ ಅವರು ಕೆಳಗೆ ಮರೆಯಾಗಿರುತ್ತಾರೆ. ಮೂಡಲಲ್ಲಿ ಕೃತ್ತಿಕೆಯರ ಗೊಂಚಲು ಎದ್ದಿತ್ತು. ತವರಿಗೆ ಹೋಗು ಎನ್ನುವ ಬದಲು ಅವನ ಬಾಯಲ್ಲಿ ಕತೆ ಬಂತು. ಮಾಸ್ತರರ ಚಟ. ಅಗ್ನಿಗೆ ಏಳು ಋಷಿಗಳ ಹೆಂಡಿರ ಮೇಲೆ ಮನಸ್ಸಾಯಿತು. ಸ್ವಾಹಾದೇವಿಗೆ ಅಗ್ನಿಯ ಮೇಲೆ ಮನಸ್ಸಿತ್ತು, ಆಕೆ ಒಬ್ಬೊಬ್ಬ ಋಷಿಪತ್ನಿಯ ರೂಪ ತೊಟ್ಟು ಅವನನ್ನು ಕೂಡಿದಳು. ಆರು ಜನರ ರೂಪ ಬಂತು, ಅರುಂಧತಿಯದು ಮಾತ್ರ ಬರಲಿಲ್ಲ, ಅಷ್ಟು ದೊಡ್ಡದು ಆಕೆಯ ಪಾತಿವ್ರತ್ಯ. ಊರಲ್ಲಿ ಗುಲ್ಲಾಯಿತು. ಆರೂ ಋಷಿಗಳು ಹೆಂಡಿರನ್ನು ಬಿಟ್ಟರು. ಬಿಟ್ಟವರು ಅಗೋ ಅಲ್ಲಿ, ಕೃತ್ತಿಕೆಯರು. ಸಾತವ್ವ ಮೆಣಸಿನಕಾಯಿ ಕೈಯಲ್ಲಿ ಹಿಡಿದೇ ಕೇಳಿದಳು, ಹಾಗಾದರೆ ಅವರು ಏನೂ ಮಾಡಿರಲಿಲ್ಲವೆ? ಇಲ್ಲ ಎಂದ. ಗಂಡಂದಿರು ಒಂದು ಮಾತು ಕೇಳಲಿಲ್ಲವೆ? ಇಲ್ಲ ಎಂದ. ಅವಳು ಕೃತ್ತಿಕೆಯರ ಕಡೆ ಇನ್ನೊಮ್ಮೆ ನೋಡಿದಳು.

“ಮತ್ತ ಆ ಅರುಂಧತಿ? ಆಕಿ ಅಲ್ಲೇ ಇದ್ದಳಲ್ಲ. ಇವರದೇನ ತಪ್ಪಿಲ್ರಿ ಅಂತ ಆಕಿಯಾರ ಒಂದ ಮಾತ ಆಡಲಿಲ್ಲೇನು?”

ಪುರಾಣದಲ್ಲಿ ಅದು ಇಲ್ಲ ಎಂದು ಹೇಳಿ ಅವನು ಕೆಳಗಿಳಿದು ಬಂದಿದ್ದ.

ಹೊಳೆಪ್ಪ ಬಂದಾಗ ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ, ಬೀಗರಿಗೆಂದು ಒಂದು ತಂಬಿಗೆ ತುಪ್ಪ. ಜಗಲಿಯ ಮೇಲೆ ಗಿರಮಲ್ಲಪ್ಪ ರುಮಾಲು ಸುತ್ತಿಕೊಂಡು, ವಾಡೆಯ ಬಾಗಿಲಲ್ಲಿ ಯಾರನ್ನೋ ತಡೆಯುವವನಂತೆ ಕೂತಿದ್ದ. ಯಲ್ಲಕ್ಕ ಕಂಬದ ಹಿಂದೆ ಹಾಜರಿದ್ದಳು. ನೀರು, ಬೆಲ್ಲ ಆದಮೇಲೆ ಗಿರಮಲ್ಲಪ್ಪ ಸುತ್ತು ಬಳಸಿ, ಇಬ್ಬರ ಜಾತಕ ಹೊಂದಲಿಲ್ಲ, ಮಗಳನ್ನು ಕರೆದುಕೊಂಡು ಹೋಗಿ, ಹಾಕಿದ ಬಂಗಾರ ನಿಮ್ಮದು ನಿಮಗೆ ಎಂದ. ಹೊಳೆಪ್ಪನಿಗೆ ತಿಳಿಯಲಿಲ್ಲ. ಆರು ತಿಂಗಳ ಮಾತು ಅವನ ಕಿವಿಗೂ ಬಿದ್ದಿತ್ತು. ಅದು ಸುಳ್ಳಾಯಿತಲ್ಲ, ಮಗಳು ಗಟ್ಟಿಯಾಗಿದ್ದಾಳಲ್ಲ ಎಂಬ ಸಮಾಧಾನದಿಂದಲೇ ಅವನು ತುಪ್ಪ ತಂದಿದ್ದ. ಸಾತವ್ವ ಒಳಬಾಗಿಲಿಗೆ ಬಂದು ನಿಂತಳು. ಅವಳ ಕೈಗೆ ಹಿಟ್ಟು ಮೆತ್ತಿತ್ತು.

“ಸಾಯಲಿಲ್ಲಂತ ಕಳಸಾಕತ್ತೀರೇನ್ರಿ?” ಎಂದು ಹೊಳೆಪ್ಪ ಕೇಳಿದ. ಜಗಳದ ದನಿಯಲ್ಲಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು.

ಉತ್ತರ ಕೊಟ್ಟವಳು ಪದ್ಮವ್ವ. “ಸತ್ತಿದ್ದರ, ಪಾಪ, ಕಂಡಿರಲಿಲ್ಲ ಅಂತಿದ್ವಿ. ಸಾಯಲಿಲ್ಲ. ಅಂದ್ರ ಆಕಿಗೆ ಕಂಡಿತ್ತು. ಕಂಡೂ ಇಲ್ಲಂದಾಕಿ, ನಾಳೆ ಗಂಡನ್ನೂ ಕಂಡಿಲ್ಲ ಅಂತಾಳ.”

ಆ ಮಾತಿನ ಬಿಗಿಗೆ ಹಾಲಸಿದ್ದಪ್ಪನಿಗೇ ಒಂದು ಕ್ಷಣ ಮೆಚ್ಚುಗೆಯಾಯಿತು. ಎತ್ತ ಹೊರಳಿದರೂ ಹುಡುಗಿ ಸಿಕ್ಕಿಬೀಳಬೇಕು, ಹಾಗಿತ್ತು. ನಕ್ಷತ್ರ, ಋಷಿ, ಪಾತಿವ್ರತ್ಯ ಇವೆಲ್ಲ ವಾಡೆಯವರ ಮಾತು, ಇದರಲ್ಲಿ ತಾನು ಎಲ್ಲಿ ಕೈ ಇಡಬೇಕೆಂದು ಹೊಳೆಪ್ಪನಿಗೆ ಗೊತ್ತಾಗಲಿಲ್ಲ. ಸಾತವ್ವ ಅತ್ತೆಯನ್ನು ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ. ಗಂಡನನ್ನು ನೋಡಿದಳು. ಗುರುಹಿರಿಯರ ಎದುರು ಅವಳು ಅವನೊಡನೆ ಮಾತಾಡಿದ್ದು ಅದೇ ಮೊದಲು.

“ನಿಮಗ ಕಂಡಿತ್ತೇನ್ರಿ ಆವತ್ತ?”

ಎಲ್ಲರೂ ಅವನ ಕಡೆ ತಿರುಗಿದರು. ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಅದು ಹೊರಬಿದ್ದರೆ ಅಪ್ಪನ ಮುಖ ಏನಾಗುತ್ತದೆ, ಯಲ್ಲಕ್ಕ ಓಣಿಯಲ್ಲಿ ಏನು ಹೇಳುತ್ತಾಳೆ, ಆಮೇಲೆ ಈ ಮನೆಯಲ್ಲಿ ಯಾರ ಕೆಮ್ಮಿಗೆ ಎಲ್ಲರೂ ಕಿವಿಗೊಟ್ಟು ಕೂರುತ್ತಾರೆ, ಎಲ್ಲ ಒಟ್ಟಿಗೆ ಹೊಳೆಯಿತು. ಕಂಡಿತ್ತು ಎಂದ. ಅಷ್ಟಕ್ಕೆ ನಿಂತಿದ್ದರೆ ಅದು ಹೇಡಿಯ ಮಾತಾಗಿ ಮುಗಿಯುತ್ತಿತ್ತು. ಆದರೆ ಅವಳು ಇನ್ನೂ ನೋಡುತ್ತಲೇ ಇದ್ದಳು. ಆ ಕಣ್ಣುಗಳಿಗೆ ಎಲ್ಲ ಕಾಣುತ್ತದೆ ಎಂಬುದೇ ಅವನನ್ನು ಕೆರಳಿಸಿತು.

“ಆಕಿಗೂ ಕಾಣತೈತಿ,” ಎಂದ. “ಮಾಳಗಿ ಮ್ಯಾಲ ನನಗ ಆಕಿನ ಬಟ್ಟ ಮಾಡಿ ತೋರಿಸ್ಯಾಳ. ಅದು ಅರುಂಧತಿ ಅಲ್ಲ, ಕಳ್ಳನ ಕೂಸು ಅಂದಳು.”

ಯಲ್ಲಕ್ಕ ಕೆನ್ನೆ ಬಡಿದುಕೊಂಡಳು. ಹೊಳೆಪ್ಪ ತಲೆ ತಗ್ಗಿಸಿದ. ಆ ಕತೆಯನ್ನು ಮಗಳಿಗೆ ಹಟ್ಟಿಯಲ್ಲಿ, ತೊಡೆಯ ಮೇಲೆ ಮಲಗಿಸಿಕೊಂಡು ಹೇಳಿದವನು ಅವನೇ ಇರಬೇಕು. ಎದ್ದು, ಗಂಟು ಕಟ್ಟವ್ವ ಎಂದ.

ಗಂಟು ಕಟ್ಟಲು ಬಹಳ ಹೊತ್ತು ಹಿಡಿಯಲಿಲ್ಲ. ಅವಳು ಕೈ ತೊಳೆದು, ನಾದಿದ ಹಿಟ್ಟಿನ ಮೇಲೆ ಪರಾತ ಮುಚ್ಚಿ, ಅತ್ತೆ ಮಾವಂದಿರ ಕಾಲಿಗೆ ನಮಸ್ಕಾರ ಮಾಡಿದಳು. ಅಳಲಿಲ್ಲ. ಅತ್ತಿದ್ದರೆ ಹಾಲಸಿದ್ದಪ್ಪನಿಗೆ ಅನುಕೂಲವಾಗುತ್ತಿತ್ತು, ಅವನಿಗೂ ಸ್ವಲ್ಪ ಕಣ್ಣು ಒದ್ದೆ ಮಾಡಿಕೊಳ್ಳಲು ಬರುತ್ತಿತ್ತು. ಬಾಗಿಲಲ್ಲಿ ಅವನ ಹತ್ತಿರ ನಿಂತು, ಬೇರೆಯವರಿಗೆ ಕೇಳದ ಹಾಗೆ ಹೇಳಿದಳು.

“ಮಿರಜ ದವಾಖಾನಿಗಿ ಹೋಗಿ ಒಮ್ಮಿ ಕಣ್ಣ ತೋರ್ಸಕೋರಿ. ಆವತ್ತ ಮಾಳಗಿ ಮ್ಯಾಲ ನಾ ತೋರಿಸಿದ್ದೊಂದು ಕಡೆ, ನೀವು ನೋಡಿದ್ದ ಹುಣಸೀ ಗಿಡದ ಕಡೆ.”

ಹಾಗಾದರೆ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಈಗ ಎಲ್ಲರೆದುರು ಅದನ್ನು ಅನ್ನಲಿಲ್ಲ. ಅವನು ಹೂಂ ಎಂದ. ಮುಂದೆ ಬಡಿಗೆ ಊರುತ್ತ ಹೊಳೆಪ್ಪ, ಹಿಂದೆ ತಲೆಯ ಮೇಲೆ ಗಂಟು ಹೊತ್ತ ಸಾತವ್ವ, ಓಣಿಯ ತಿರುವಿನಲ್ಲಿ ಮರೆಯಾದರು. ತುಪ್ಪದ ತಂಬಿಗೆ ಜಗಲಿಯ ಮೇಲೆಯೇ ಉಳಿಯಿತು. ಯಲ್ಲಕ್ಕ ಅದನ್ನು ಒಳಗೆ ತೆಗೆದುಕೊಂಡು ಹೋದಳು.

ಅಪ್ಪ ಉಂಡು ಅಡ್ಡಾದ. ಸಾತವ್ವ ನಾದಿಟ್ಟ ಹಿಟ್ಟನ್ನೇ ಪದ್ಮವ್ವ ತಟ್ಟಿ ರೊಟ್ಟಿ ಮಾಡಿ ಮಗನಿಗೆ ಬಡಿಸಿದಳು. ಒಲೆಯ ಮುಂದೆ ಅವರಿಬ್ಬರೇ ಇದ್ದರು. ಹಾಲಸಿದ್ದಪ್ಪ ರೊಟ್ಟಿ ಮುರಿದ, ಬಾಯಿಗೆ ಹೋಗಲಿಲ್ಲ. ಸಾವು ಅವಳ ಹಿಂದೆ ಹೋಯಿತೋ, ಇಲ್ಲೇ ಉಳಿಯಿತೋ? ತಡೆಯಲಾಗದೆ, ನನಗೂ ಆವತ್ತು ಏನೂ ಕಂಡಿರಲಿಲ್ಲ ಎಂದು ತಾಯಿಗೆ ಹೇಳಿಬಿಟ್ಟ. ಹೇಳಿ, ಸಿಡಿಲು ಬೀಳಲೆಂದು ಕಾಯುವವನಂತೆ ಕುಗ್ಗಿ ಕೂತ. ಪದ್ಮವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

“ಗೊತ್ತೈತಿ ತಗೋ. ಹಗಲಾಗ ಚಿಕ್ಕಿ ಯಾರಿಗೆ ಕಂಡಾವು? ನಿಮ್ಮ ಅಕ್ಕನ ಲಗ್ನದಾಗ ನಾನ ಆಕಿ ಕಿವ್ಯಾಗ ಹೇಳಿದ್ನಿ, ಕಾಣಲಿ ಬಿಡಲಿ, ಕಂಡೈತಿ ಅನ್ನಂತ. ಬಾಳೇ ಮಾಡಾಕಿ ಹಂಗ ಅನಬೇಕು.”

ಮತ್ತೆ ಆರು ತಿಂಗಳ ಮಾತು ಎಂದು ಅವನು ಕೇಳಿದ.

“ಅದು ಮಂದಿ ಬಾಯಿ. ತುಂಬಿದ ಮಾಂಡವದಾಗ ನಿಮ್ಮಪ್ಪನ ಮರ್ಯಾದಿ ತಗದಳು. ಆಕಿನ್ನ ಇಟ್ಟಕೊಳ್ಳಾಕ ಆಗೂದಿಲ್ಲಂತ ನಾನು ಅವತ್ತ ತಿಳಕೊಂಡ್ನಿ. ಬಿಡಾಕ ಏನಾರ ಒಂದ ನೆವ ಬೇಕಿತ್ತು.”

ಹಾಲಸಿದ್ದಪ್ಪನಿಗೆ ಮೊದಲು ಆದದ್ದು ಸಂತೋಷ. ಮುಚ್ಚಿಟ್ಟುಕೊಳ್ಳಲಾಗದಂಥ, ಮೈ ಹಗುರಾಗುವಂಥ ಸಂತೋಷ. ಆ ಮಾಂಡವದ ಹೊರಗೆ ಯಾವ ಸಾವೂ ನಿಂತಿರಲಿಲ್ಲ. ತಾನು ಸಾಯುವುದಿಲ್ಲ. ಸಾತವ್ವ ನೆನಪಾದದ್ದು ಅದಾದ ಮೇಲೆ, ಮತ್ತು ನೆನಪಾದಾಗ ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಸಾವಳಗಿಯ ಮೋಟಾರು ಇನ್ನೂ ಬಿಟ್ಟಿರಲಿಲ್ಲ. ಮಂದಿಯನ್ನು ಕರೆಯಲು ಡ್ರೈವರ ಹಾರ್ನು ಒತ್ತುತ್ತಿದ್ದದ್ದು ಒಲೆಯ ತನಕ ಕೇಳಿಸುತ್ತಿತ್ತು. ಚಪ್ಪಲಿ ಮೆಟ್ಟಿ ಹೊರಟರೆ ಸಿಗುತ್ತಾರೆ. ಹೊಳೆಪ್ಪನ ಎದುರು ನಿಂತು ಒಂದು ಮಾತು ಹೇಳಿದರಾಯಿತು, ಈಗ ಅದನ್ನು ಹೇಳಲು ಹೆದರಿಕೆಯೂ ಇರಲಿಲ್ಲ. ಅವನು ಕೈ ಊರಿ ಅರ್ಧ ಎದ್ದ. ಹಾರ್ನು ಇನ್ನೊಮ್ಮೆ ಕೇಳಿತು. ಇನ್ನೊಂದು ಹಾಕಲೇನು ಎಂದು ಪದ್ಮವ್ವ ಹಂಚಿನ ಮೇಲಿನ ರೊಟ್ಟಿ ಹಿಡಿದು ಕೇಳಿದಳು. ಅವನು ಕೂತುಕೊಂಡ. ಹಾಕವ್ವ ಎಂದು ತಾಟು ಮುಂದೆ ಸರಿಸಿದ.